ರೂಲ್‌ಬುಕ್‌ನ ಒಂದೇ ಸಾಲಿಗೆ ಎರಡು ಅರ್ಥ ಬಂದಾಗ ಏನು ಮಾಡಬೇಕು: ರೋಬೋಟಿಕ್ಸ್ ಸ್ಪರ್ಧೆಗೆ ಹೊರಟ ಮಕ್ಕಳಿಗೆ, ಮೆಂಟರ್‌ಗಳಿಗೆ

ಎರಡು ಬೆರಳು ಅಗಲದ ಒಂದು ಬಿಳಿ ಟೇಪ್ ವಿಷಯಕ್ಕೆ ನಮ್ಮ ತಂಡದ ಇಬ್ಬರು ಹುಡುಗರು ಒಂದು ಸಂಜೆ ಮುಕ್ಕಾಲು ಗಂಟೆ ಜಗಳವಾಡಿದರು. ಬಸವನಗುಡಿಯಲ್ಲಿ, ನಮ್ಮ ಮನೆಯ ಪೋರ್ಟಿಕೋದಲ್ಲಿ ಅಭ್ಯಾಸ ನಡೆಯುತ್ತಿತ್ತು. ಆಟದ ಕೊನೆಗೆ ರೋಬೋಟ್ ಪಾರ್ಕಿಂಗ್ ಜಾಗಕ್ಕೆ ಬಂದು ನಿಲ್ಲಬೇಕು, ನಿಂತರೆ ಪಾಯಿಂಟ್. ಬಂದು ನಿಂತಿತು. ಆದರೆ ಹಿಂದಿನ ಒಂದು ಚಕ್ರ ಸರಿಯಾಗಿ ಟೇಪಿನ ಮೇಲೆ ಕೂತಿತ್ತು. ಒಬ್ಬ ‘ಒಳಗೆ’ ಅಂದ, ಇನ್ನೊಬ್ಬ ‘ಹೊರಗೆ’ ಅಂದ. ಮೊದಲನೆಯವನು ದಿನಾ ಬ್ಯಾಡ್ಮಿಂಟನ್ ಆಡುವ ಹುಡುಗ. ಅವನ ಲೆಕ್ಕದಲ್ಲಿ ಗೆರೆ ಮುಟ್ಟಿದ ಶಟಲ್ ಒಳಗೇ. ಎರಡನೆಯವನದು ಕ್ರಿಕೆಟ್. ಬ್ಯಾಟು ಕ್ರೀಸಿನ ಗೆರೆಯ ಮೇಲಿದ್ದರೆ ಸಾಲದು, ಗೆರೆ ದಾಟಿರಬೇಕು, ಇಲ್ಲದಿದ್ದರೆ ರನ್‌ಔಟ್. ಇಬ್ಬರೂ ಹೇಳಿದ್ದು ನಿಜವೇ. ಇಬ್ಬರೂ ತಮಗೆ ಗೊತ್ತಿರುವ ಆಟದ ನಿಯಮವನ್ನು ಗೊತ್ತಿಲ್ಲದ ಆಟಕ್ಕೆ ತಂದು ಹಾಕುತ್ತಿದ್ದರು, ಅಷ್ಟೇ. ರೂಲ್‌ಬುಕ್ ಮಾತ್ರ ಯಾರೂ ತೆರೆದಿರಲಿಲ್ಲ.

ತೆರೆದೆವು. ಪಾರ್ಕಿಂಗ್ ಬಗ್ಗೆ ಇರುವ ಪುಟದಲ್ಲಿ ಉತ್ತರ ಇರಲಿಲ್ಲ. ಎಷ್ಟೋ ಪುಟ ಹಿಂದೆ, ಶಬ್ದಗಳ ಅರ್ಥ ಕೊಟ್ಟಿರುವ ಭಾಗದಲ್ಲಿ, ಆ ಜಾಗ ಅಂದರೆ ಟೇಪೂ ಸೇರಿ ಅಂತ ಅರ್ಧ ಸಾಲು ಇತ್ತು.

ನಾನು ಕೆಲವು ವರ್ಷಗಳಿಂದ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳ ತಂಡದ ಜೊತೆ ಕೆಲಸ ಮಾಡುತ್ತಿದ್ದೇನೆ. ಎಸ್.ಪಿ. ರಸ್ತೆಯಲ್ಲಿ ಮೋಟಾರ್, ಬೇರಿಂಗ್, ಕನೆಕ್ಟರ್ ಹುಡುಕುತ್ತಾ ಶನಿವಾರಕ್ಕೆ ಶನಿವಾರವೇ ಕಳೆದುಬಿಡುತ್ತೇವೆ, ಆದರೆ ರೂಲ್‌ಬುಕ್‌ಗೆ ಒಂದು ಸಂಜೆ ಕೊಡಿ ಅಂದರೆ ಎಲ್ಲರಿಗೂ ಬೇಜಾರು. ಮೋಟಾರ್ ಸುಟ್ಟು ಸೋತರೆ ಮಕ್ಕಳು ಅರ್ಧ ಗಂಟೆಯಲ್ಲಿ ಮರೆಯುತ್ತಾರೆ. ನಿಯಮವನ್ನು ತಪ್ಪಾಗಿ ಓದಿ ಸೋತರೆ ವರ್ಷವಿಡೀ ಮರೆಯುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗೊಂದಲದ ನಿಯಮ ಸಿಕ್ಕಾಗ ನಾನು ಮಕ್ಕಳಿಗೆ ಹೇಳುವುದು ಇದು: ನಿನಗೆ ಬೇಕಾದ ಅರ್ಥ ಸದ್ಯಕ್ಕೆ ಬದಿಗಿಡು. ಬೆಳಗ್ಗೆ ಏಳರಿಂದ ನಿಂತೇ ಇರುವ, ಮುಂದಿನ ಪಂದ್ಯಕ್ಕೆ ತಡವಾಗುತ್ತಿರುವ, ನಿನ್ನ ಪರಿಚಯವೇ ಇಲ್ಲದ ರೆಫರಿ ಇದೇ ಸಾಲನ್ನು ಹೇಗೆ ಓದಬಹುದು ಅಂತ ಯೋಚಿಸು. ಆ ಓದಿಗೂ ನಿನ್ನ ರೋಬೋಟ್ ಪಾಸಾಗಬೇಕು. ಆಗುವುದಿಲ್ಲ ಅಂದರೆ ಸ್ಪರ್ಧೆಗೆ ಮೊದಲೇ, ಬರವಣಿಗೆಯಲ್ಲಿ, ಉತ್ತರ ತರಿಸಿಕೋ.

ಮೊದಲು ನೋಡಬೇಕಾದ್ದು: ಇದು ನಿಜವಾಗಿ ಗೊಂದಲವಾ?

ಮಕ್ಕಳು ‘ಸರ್, ಈ ರೂಲ್ ಕ್ಲಿಯರ್ ಆಗಿಲ್ಲ’ ಅಂತ ತರುವ ಹತ್ತರಲ್ಲಿ ಏಳೆಂಟು ಕ್ಲಿಯರ್ ಆಗಿಯೇ ಇರುತ್ತವೆ. ಕೆಲವು ಸಲ ಅದೇ ನಿಯಮದ ಎರಡನೇ ಪ್ಯಾರಾ ಓದಿರುವುದಿಲ್ಲ. ಕೆಲವು ಸಲ ನಿಯಮ ಸ್ಪಷ್ಟವಾಗಿದೆ, ಇವರಿಗೆ ಇಷ್ಟವಾಗಿಲ್ಲ. ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಎರಡು ವಾರ ಕೂತು ಮಾಡಿದ ಕೈಯೊಂದು ನಿಯಮದ ಪ್ರಕಾರ ನಡೆಯುವುದಿಲ್ಲ ಅಂದಾಗ ಆ ನಿಯಮ ಇದ್ದಕ್ಕಿದ್ದಂತೆ ‘ಅಸ್ಪಷ್ಟ’ವಾಗಿ ಕಾಣುತ್ತದೆ, ಅಲ್ವಾ? ಅದಕ್ಕೆ ಒಂದು ಸಣ್ಣ ಪರೀಕ್ಷೆ ಇದೆ. ನಿಯಮವನ್ನು ತಂಡದ ಹೊರಗಿನವರ ಕೈಗೆ ಕೊಡಿ. ಅಕ್ಕನೋ, ಪಕ್ಕದ ಮನೆ ಅಂಕಲ್ಲೋ, ಯಾರಾದರೂ ಸರಿ. ರೋಬೋಟ್ ತೋರಿಸಬೇಡಿ, ಸುಮ್ನೆ ಓದಿ ಅರ್ಥ ಹೇಳಿ ಅನ್ನಿ. ಮೂರು ಜನ ಓದಿ ಮೂವರೂ ಒಂದೇ ಅರ್ಥ ಹೇಳಿದರೆ ಅಲ್ಲಿ ಗೊಂದಲ ಇಲ್ಲ. ಒಬ್ಬೊಬ್ಬರು ಒಂದೊಂದು ಹೇಳಿದರೆ ಇದೆ.

ಆಮೇಲೆ ಶಬ್ದಗಳ ಪಟ್ಟಿ. ದೊಡ್ಡ ಸ್ಪರ್ಧೆಗಳ ಕೈಪಿಡಿಯಲ್ಲಿ ಕೆಲವು ಪದಗಳಿಗೆ ಆ ಆಟದ್ದೇ ಅರ್ಥ ಇರುತ್ತದೆ. ಅಮೆರಿಕದ ಫಸ್ಟ್ ಸಂಸ್ಥೆ ಹೈಸ್ಕೂಲ್ ಮಕ್ಕಳಿಗೆ ನಡೆಸುವ ರೋಬೋಟ್ ಸ್ಪರ್ಧೆ ಎಫ್‌ಆರ್‌ಸಿ. ಅದರ ಕೈಪಿಡಿಯಲ್ಲಿ ಅಂಥ ಪದಗಳನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ವೆಕ್ಸ್ ಅನ್ನುವ ಇನ್ನೊಂದು ರೋಬೋಟ್ ಸ್ಪರ್ಧೆಯಲ್ಲಿ ‘ಪೊಸೆಷನ್’, ‘ಮ್ಯಾಚ್ ಅಫೆಕ್ಟಿಂಗ್’ ಥರದ ಮಾತುಗಳಿಗೆ ಬೇರೆಯೇ ವ್ಯಾಖ್ಯಾನ ಇರುತ್ತದೆ. ಎರಡನೆಯದಕ್ಕೆ, ಯಾರು ಗೆದ್ದರು ಯಾರು ಸೋತರು ಅನ್ನುವುದನ್ನೇ ಬದಲಿಸಿದ ತಪ್ಪು ಅಂತ ಅರ್ಥ. ದಿನಬಳಕೆಯ ಅರ್ಥ ಹಿಡಿದು ಓದಿದರೆ ದಾರಿ ತಪ್ಪುತ್ತದೆ. ವ್ಯಾಖ್ಯಾನ ಇಲ್ಲದ ಪದಕ್ಕೆ ಮಾತ್ರ ಎಲ್ಲರೂ ಆಡುವ ಮಾತಿನ ಅರ್ಥ ಹಿಡಿಯಬೇಕು.

ನಮಗೆ ಇಲ್ಲಿ ಒಂದು ವಿಶೇಷ ತೊಂದರೆ ಇದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಇಲ್ಲ. ನಾವು ನಿಯಮವನ್ನು ಕನ್ನಡದಲ್ಲಿ ಬರೆದುಕೊಂಡ ಕೂಡಲೇ ‘ಈ ಪದಕ್ಕೆ ವಿಶೇಷ ಅರ್ಥ ಇದೆ’ ಅನ್ನುವ ಗುರುತು ಮಾಯವಾಗುತ್ತದೆ. ಅದಕ್ಕೆ ನಮ್ಮ ತಂಡದ ನೋಟ್‌ಬುಕ್ಕಿನಲ್ಲಿ ಅಂಥ ಪದಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕುತ್ತೇವೆ.

ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ಓದುವಾಗ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ಬೇರೆ ಎಲ್ಲೂ ಇದನ್ನು ಯಾರೂ ಹೇಳಿಕೊಡುವುದನ್ನು ನಾನು ನೋಡಿಲ್ಲ.

2016ರಲ್ಲಿ ಕೇಂದ್ರ ಸರ್ಕಾರದ ಅಟಲ್ ಇನೊವೇಷನ್ ಮಿಷನ್ ಶುರುವಾದ ಮೇಲೆ ಶಾಲೆಗಳಲ್ಲಿರುವ ಅದರ ಟಿಂಕರಿಂಗ್ ಲ್ಯಾಬ್‌ಗಳಿಂದಾಗಿ 6ರಿಂದ 12ನೇ ತರಗತಿಯ ಎಷ್ಟೋ ಮಕ್ಕಳಿಗೆ ಸೆನ್ಸರ್, ಮೋಟಾರ್ ಕೈಗೆ ಸಿಕ್ಕಿವೆ. ಅವರಲ್ಲಿ ಕನ್ನಡ ಮಾಧ್ಯಮದವರೂ ಇದ್ದಾರೆ. ಕೈಕೆಲಸದಲ್ಲಿ ಈ ಮಕ್ಕಳು ಯಾರಿಗೂ ಕಡಿಮೆ ಇಲ್ಲ. ಎಡವುವುದು ರೂಲ್‌ಬುಕ್‌ನಲ್ಲಿ. ಅದೂ ಕಷ್ಟದ ಪದಗಳಲ್ಲಿ ಅಲ್ಲ, ಡಿಕ್ಷನರಿ ನೋಡಬೇಕು ಅಂತ ಯಾರಿಗೂ ಅನಿಸದ ಸಣ್ಣ ಸಣ್ಣ ಪದಗಳಲ್ಲಿ.

‘ಮೇಲೆ’ ತೆಗೆದುಕೊಳ್ಳಿ. ಪುಸ್ತಕ ಮೇಜಿನ ಮೇಲೆ ಇದೆ, ಫ್ಯಾನ್ ತಲೆ ಮೇಲೆ ಇದೆ. ಎರಡಕ್ಕೂ ನಮಗೆ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ತಾಗಿಕೊಂಡಿರುವುದಕ್ಕೆ ‘ಆನ್’, ತಾಗದೆ ಎತ್ತರದಲ್ಲಿರುವುದಕ್ಕೆ ‘ಅಬೋವ್’ ಅಥವಾ ‘ಓವರ್’. ರೋಬೋಟ್ ಕಟ್ಟೆಯ ‘ಆನ್’ ಇರಬೇಕು ಅಂದರೆ ಅದರ ಭಾರ ಕಟ್ಟೆ ಹೊರಬೇಕು ಅನ್ನುವ ಅರ್ಥ ಬರಬಹುದು. ಕೈಯನ್ನು ಕಟ್ಟೆಯ ಮೇಲೆ ಗಾಳಿಯಲ್ಲಿ ಚಾಚಿ ನಿಂತರೆ ಪಾಯಿಂಟ್ ಇಲ್ಲ. ‘ಕಟ್ಟೆ ಮೇಲೆ ಇರಬೇಕು’ ಅಂತ ಬರೆದುಕೊಂಡ ತಂಡಕ್ಕೆ ಎರಡೂ ಸರಿಯಾಗಿಯೇ ಕಾಣುತ್ತದೆ. ನಾವೀಗ ‘ತಾಗಿ ಮೇಲೆ’, ‘ತಾಗದೆ ಮೇಲೆ’ ಅಂತ ಬಿಡಿಸಿ ಬರೆಯುತ್ತೇವೆ. ‘ಒಳಗೆ’ ಕೂಡ ಹಾಗೇ. ಪೂರ್ತಿ ಒಳಗಾ, ಸ್ವಲ್ಪ ಒಳಗಿದ್ದರೂ ಸಾಕಾ, ಮೇಲಿಂದ ನೋಡಿದರೆ ಒಳಗಾ, ನೆಲ ಮುಟ್ಟಿರುವ ಭಾಗ ಮಾತ್ರ ಒಳಗಾ? ನಾಲ್ಕು ಪ್ರಶ್ನೆ ಆಯಿತು. ಒಂದು ಪದಕ್ಕೆ.

ಎಲ್ಲಕ್ಕಿಂತ ಅಪಾಯ ‘ಮೇ ನಾಟ್’. ‘ರೋಬೋಟ್ ಮೇ ನಾಟ್ ಟಚ್’ ಅನ್ನುವುದನ್ನು ಒಬ್ಬ ಹುಡುಗಿ ‘ರೋಬೋಟ್ ಮುಟ್ಟದೇ ಇರಬಹುದು’ ಅಂತ ಬರೆದುಕೊಂಡಿದ್ದಳು. ಅವಳ ತರ್ಕ ಪಕ್ಕಾ ಇತ್ತು: ‘ಮೇ’ ಅಂದರೆ ಬಹುದು, ‘ನಾಟ್’ ಅಂದರೆ ಇಲ್ಲ. ಆದರೆ ನಿಯಮದ ಭಾಷೆಯಲ್ಲಿ ಅದು ‘ಮುಟ್ಟಬಾರದು’. ಒಂದು ಕ್ರಿಯಾಪದದ ಕೊನೆ ಬದಲಾಗಿ ನಿಷೇಧವೇ ಅನುಮತಿಯಾಗಿಬಿಟ್ಟಿತ್ತು. ಇದಾದ ಮೇಲೆ ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾಲ್ಕು ಸಾಲು ಅಂಟಿಸಿದ್ದೇವೆ. ‘ಮಸ್ಟ್’ ಅಂದರೆ ಮಾಡಲೇಬೇಕು, ‘ಮೇ’ ಅಂದರೆ ಮಾಡಬಹುದು, ‘ಮೇ ನಾಟ್’ ಅಂದರೆ ಮಾಡಬಾರದು. ‘ಶುಡ್’ ಬಂದ ಕಡೆ ನಿಂತು ಕೇಳಬೇಕು, ಯಾಕೆಂದರೆ ಕೆಲವರು ಅದನ್ನು ಸಲಹೆ ಅಂತ ಬರೆದಿರುತ್ತಾರೆ, ಕೆಲವರು ಕಡ್ಡಾಯ ಅಂತಲೇ ಬರೆದಿರುತ್ತಾರೆ.

ಇಷ್ಟೆಲ್ಲ ಕನ್ನಡದಲ್ಲಿ ಮಾಡಿಕೊಂಡರೂ ಸ್ಪರ್ಧೆಗೆ ಹೋಗುವಾಗ ಇಂಗ್ಲಿಷ್ ಪ್ರತಿ ಕೈಯಲ್ಲಿರಲಿ. ಎಫ್‌ಆರ್‌ಸಿ ಕೈಪಿಡಿ ಇದನ್ನು ನೇರವಾಗಿ ಹೇಳುತ್ತದೆ. ಅನುವಾದಕ್ಕೂ ಇಂಗ್ಲಿಷಿಗೂ ವ್ಯತ್ಯಾಸ ಬಂದರೆ ಇಂಗ್ಲಿಷೇ ಅಂತಿಮ. ಕನ್ನಡದ ನೋಟ್‌ಬುಕ್ ನಮ್ಮ ತಲೆಗೆ, ಇಂಗ್ಲಿಷ್ ಪ್ರತಿ ರೆಫರಿಯ ಮೇಜಿಗೆ.

ಬರೆದದ್ದು ಬರೆದಷ್ಟೇ

ದೊಡ್ಡವರು ಸಾಮಾನ್ಯವಾಗಿ ಮಾಡುವ ತಪ್ಪು ಇದು. ‘ಈ ರೂಲ್ ಯಾಕೆ ಮಾಡಿದ್ದಾರೆ ಅಂದರೆ...’ ಅಂತ ಶುರು ಮಾಡುತ್ತಾರೆ. ನಾನೂ ಹಾಗೇ ಹೇಳಿಕೊಡುತ್ತಿದ್ದೆ. ಎಫ್‌ಆರ್‌ಸಿ ಕೈಪಿಡಿ ಇದಕ್ಕೆ ಬಾಗಿಲೇ ಹಾಕುತ್ತದೆ. ಬರೆದದ್ದಕ್ಕೆ ಬರೆದಷ್ಟೇ ಅರ್ಥ, ಉದ್ದೇಶ ಊಹಿಸಬೇಡಿ, ಹಿಂದಿನ ವರ್ಷದ ನಿಯಮ ತಂದು ಜೋಡಿಸಬೇಡಿ, ಅಡಗಿಸಿಟ್ಟ ಷರತ್ತು ಯಾವುದೂ ಇಲ್ಲ ಅನ್ನುವುದು ಅದರ ನಿಲುವು. ಹಳೆಯ ನಿಯಮದ ನೆನಪು ಅನುಭವಿ ತಂಡಗಳನ್ನೇ ಜಾಸ್ತಿ ಕೆಡವುತ್ತದೆ. ಹೊಸಬರು ಪ್ರತಿ ಸಾಲನ್ನೂ ಓದುತ್ತಾರೆ, ಹಳಬರು ‘ಹೋದ ವರ್ಷದ್ದೇ’ ಅಂತ ಪುಟ ತಿರುಗಿಸುತ್ತಾರೆ.

ಬರೆದಷ್ಟನ್ನೇ ಓದಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ನಾನು ಮಕ್ಕಳಿಗೆ 2010ರ ಎಫ್‌ಆರ್‌ಸಿ ಕತೆ ಹೇಳುತ್ತೇನೆ. ಆ ವರ್ಷದ ಆಟದ ಹೆಸರು ಬ್ರೇಕವೇ, ಫುಟ್‌ಬಾಲ್ ಥರದ್ದು. ಗೋಲಿಗೆ ಬಿದ್ದ ಚೆಂಡು ಮೈದಾನದ ಮೇಲಿನ ಜಾರುಹಾದಿಯಿಂದ ಮತ್ತೆ ಆಟಕ್ಕೆ ಬರುತ್ತಿತ್ತು. ಎಲ್ಲರೂ ಚೆಂಡಿನ ಹಿಂದೆ ಓಡುವ ರೋಬೋಟ್ ಕಟ್ಟಿದರು. ಅಮೆರಿಕದ ಮಿಷಿಗನ್ನಿನ 469ನೇ ನಂಬರಿನ ತಂಡ ಚೆಂಡು ವಾಪಸ್ ಬರುವ ಜಾಗದಲ್ಲೇ ನಿಂತು, ಬಂದ ಚೆಂಡನ್ನು ಹಾಗೇ ಗೋಲಿನ ಕಡೆ ತಿರುಗಿಸುವ ರೋಬೋಟ್ ಕಟ್ಟಿತು. ಗೋಲಿಗೆ ಬಿದ್ದ ಚೆಂಡು ಮತ್ತೆ ಅವರ ಹತ್ತಿರವೇ ಬರುತ್ತಿತ್ತು! ಆ ತಂಡದ ಮೈತ್ರಿಕೂಟ (ಒಂದೇ ಕಡೆ ಸೇರಿ ಆಡುವ ತಂಡಗಳ ಗುಂಪು) ಚಾಂಪಿಯನ್‌ಶಿಪ್‌ನ ಫೈನಲ್ ತನಕ ಹೋಯಿತು. ಅವರು ಓದಿದ ಕೈಪಿಡಿಯನ್ನೇ ಎಲ್ಲರೂ ಓದಿದ್ದರು.

ಆದರೆ ಇಲ್ಲಿ ಒಂದು ಗೆರೆ ಎಳೆಯಬೇಕು. ‘ಅವನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ’ ಅನ್ನುವ ಗಾದೆ ನಮ್ಮ ಮಕ್ಕಳಿಗೆ ಬಹಳ ಇಷ್ಟ, ರೂಲ್‌ಬುಕ್ ಓದುವಾಗ ಅದನ್ನೇ ಹೇಳುತ್ತಿರುತ್ತಾರೆ. ನಾನು ಆಗ ಒಂದು ಪ್ರಶ್ನೆ ಕೇಳುತ್ತೇನೆ: ನಿನ್ನ ಈ ಉಪಾಯವನ್ನು, ಪಂದ್ಯಕ್ಕೆ ಮೊದಲು ರೋಬೋಟ್ ಪರೀಕ್ಷಿಸುವ ಇನ್‌ಸ್ಪೆಕ್ಷನ್ ಮೇಜಿನಲ್ಲಿ ನೀನೇ ಮೊದಲು ಬಾಯಿಬಿಟ್ಟು ತೋರಿಸುತ್ತೀಯಾ? ‘ತೋರಿಸುತ್ತೇನೆ’ ಅಂದರೆ ಮುಂದುವರಿಯಲಿ. ‘ಅವರು ನೋಡದಿದ್ದರೆ ಸಾಕು’ ಅಂದರೆ, ಆ ನಿಯಮದ ಅರ್ಥ ಅವನಿಗೆ ಆಗಲೇ ಗೊತ್ತಿದೆ. ಅಂಥ ಭಾಗವನ್ನು ಬಿಚ್ಚಿಸುತ್ತೇನೆ. ಈ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ಹದಿಮೂರು ವರ್ಷದ ಮಗು ರೋಬೋಟ್ ಕಲಿಯುವುದರ ಜೊತೆಗೆ ಇದನ್ನೂ ಕಲಿಯುತ್ತಿರುತ್ತದೆ.

ಯಾವ ಕಾಗದದ ಮಾತು ನಡೆಯುತ್ತದೆ

ಒಂದೇ ವಿಷಯಕ್ಕೆ ಕೈಪಿಡಿಯಲ್ಲಿ ಒಂದು, ವಿಡಿಯೋದಲ್ಲಿ ಒಂದು ಕಂಡರೆ? ಬರಹವನ್ನೇ ನಂಬಿ. ಆಟ ಪರಿಚಯಿಸುವ ಅನಿಮೇಷನ್ ವಿಡಿಯೋ ಚೆನ್ನಾಗಿರುತ್ತದೆ, ಆದರೆ ಅದು ನಿಯಮ ಅಲ್ಲ. ಎಫ್‌ಟಿಸಿ (ಫಸ್ಟ್ ಸಂಸ್ಥೆಯದೇ ಇನ್ನೊಂದು ಸ್ಪರ್ಧೆ) ಸೀಸನ್ ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ, ಎಫ್‌ಆರ್‌ಸಿ ಜನವರಿಯಲ್ಲಿ. ಎರಡರಲ್ಲೂ ಆಮೇಲೆ ನಿಯಮ ತಿದ್ದುವ ‘ಟೀಮ್ ಅಪ್‌ಡೇಟ್’ ಬರುತ್ತಿರುತ್ತವೆ. ಮೊದಲ ದಿನ ಇಳಿಸಿಕೊಂಡ ಪಿಡಿಎಫ್‌ನಲ್ಲೇ ಇದ್ದರೆ ನೀವು ಹಳೇ ಆಟ ಆಡುತ್ತಿರುತ್ತೀರಿ. ನಮ್ಮಲ್ಲಿ ಒಬ್ಬ ಹುಡುಗನಿಗೆ ಇದೊಂದೇ ಕೆಲಸ. ವಾರಕ್ಕೆ ಎರಡು ಸಲ ನೋಡಿ, ಬದಲಾದ ಸಾಲನ್ನು ಮುದ್ರಿಸಿದ ಪ್ರತಿಯ ಮೇಲೆ ಅಂಟಿಸಿ, ದಿನಾಂಕ ಹಾಕುವುದು. ಕಾಲೇಜಿನವರ ಎಬಿಯು ರೋಬೋಕಾನ್‌ನಲ್ಲಿ ಇದೇ ಜಾಗಕ್ಕೆ ಎಫ್‌ಎಕ್ಯೂ ಇದೆ. ಅದನ್ನು ಓದದೆ ರೂಲ್‌ಬುಕ್ ಒಂದನ್ನೇ ಓದಿದರೆ ಅರ್ಧ ಓದಿದಂತೆ.

ಅಳತೆ ಬಗ್ಗೆಯೂ ಹೇಳಿಬಿಡುತ್ತೇನೆ. ಎಫ್‌ಟಿಸಿ ಮತ್ತು ವೆಕ್ಸ್ ವಿ5ರಲ್ಲಿ ಶುರುವಿನ ಗಾತ್ರ 18 ಇಂಚಿನ ಘನ. ನಮ್ಮ ಕಾರ್ಪೆಂಟರ್, ಲೇಸರ್ ಕಟಿಂಗ್‌ನವರು ಎಲ್ಲ ಮಿಲಿಮೀಟರಿನಲ್ಲಿ ಕೇಳುತ್ತಾರೆ. 18 ಇಂಚು ಅಂದರೆ 457.2 ಮಿಲಿಮೀಟರ್. ಬಾಯಿ ಲೆಕ್ಕದಲ್ಲಿ ‘460 ಇಟ್ಟುಕೊಳ್ಳಿ’ ಅಂದರೆ ಅಲ್ಲಿಗೆ ಮುಗಿಯಿತು. ಮೆಟ್ರಿಕ್ ಲೆಕ್ಕ ಆವರಣದಲ್ಲಿ ಕೊಟ್ಟಿದ್ದರೂ ಎಫ್‌ಆರ್‌ಸಿ ಥರದ ಕೈಪಿಡಿಗಳಲ್ಲಿ ಅದು ಅನುಕೂಲಕ್ಕೆ ಮಾತ್ರ, ಇಂಚೇ ಲೆಕ್ಕ. ನಾವು 450ಕ್ಕೆ ಕಟ್ಟುತ್ತೇವೆ. ಡಬ್ಲ್ಯುಆರ್‌ಒ (ವರ್ಲ್ಡ್ ರೋಬೋಟ್ ಒಲಿಂಪಿಯಾಡ್) ಸ್ಪರ್ಧೆಯ ರೋಬೋಮಿಷನ್ ವಿಭಾಗ ಆದರೆ 250 ಮಿಲಿಮೀಟರಿನ ಘನ, ವೈರುಗಳೂ ಆ ಲೆಕ್ಕದೊಳಗೆ. ಅಲ್ಲಿ 245.

ಯಾಕೆ ಇಷ್ಟು ಬಿಡಬೇಕು ಅಂದರೆ, ಇದು ನಮಗೇ ಆದದ್ದು. ರಸ್ತೆ ತುದಿಯ ಕಾರ್ಪೆಂಟರ್ ಹತ್ತಿರ ಪ್ಲೈವುಡ್‌ನಲ್ಲಿ 18 ಇಂಚಿನ ಚೌಕಟ್ಟು ಮಾಡಿಸಿದ್ದೆವು. ರೋಬೋಟ್ ಅದರೊಳಗೆ ನೀಟಾಗಿ ಕೂರುತ್ತಿತ್ತು. ಸ್ಪರ್ಧೆಯ ಹಿಂದಿನ ರಾತ್ರಿ ಒಂದು ವೈರ್ ಜೋತು ಬೀಳುತ್ತಿದೆ ಅಂತ ಯಾರೋ ಒಂದು ಜಿಪ್ ಟೈ (ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಬಿಗಿದರು. ಬಾಲ ಕತ್ತರಿಸಲಿಲ್ಲ. ಬೆಳಗ್ಗೆ ಇನ್‌ಸ್ಪೆಕ್ಷನ್ ಪೆಟ್ಟಿಗೆಯಲ್ಲಿ ಆ ಪ್ಲಾಸ್ಟಿಕ್ ಬಾಲ ಗೋಡೆಗೆ ಒತ್ತಿ ಬಾಗಿ ನಿಂತಿತು. ‘ಬಾಗುತ್ತದಲ್ಲ, ಅದು ಲೆಕ್ಕಕ್ಕಿಲ್ಲ’ ಅಂತ ನಮ್ಮ ಹುಡುಗ. ‘ಗೋಡೆ ಒತ್ತುತ್ತಿದೆ’ ಅಂತ ಇನ್‌ಸ್ಪೆಕ್ಟರ್. ಒಂದು ಕಟಿಂಗ್ ಪ್ಲೇಯರ್ ಇದ್ದರೆ ಎರಡು ಸೆಕೆಂಡಿನ ಕೆಲಸ. ಅದು ಕಾರಿನಲ್ಲಿತ್ತು, ಕಾರು ಮೂರು ಬೀದಿಯಾಚೆ. ಇನ್‌ಸ್ಪೆಕ್ಟರ್ ಸರಿಯಾಗಿಯೇ ಓದಿದ್ದರು. ಎರಡು ಅರ್ಥ ಬರುವ ಕಡೆ ಬಿಗಿಯಾದ ಅರ್ಥಕ್ಕೆ ರೋಬೋಟ್ ಕಟ್ಟಿ, ಜೊತೆಗೆ ಐದಾರು ಮಿಲಿಮೀಟರ್ ಉಳಿಸಿ ಅನ್ನುವ ನನ್ನ ಮಾತು ಅವತ್ತಿನದು.

ಪ್ರಶ್ನೆ ಬರೆಯುವುದು ಹೇಗೆ

ದೊಡ್ಡ ಸ್ಪರ್ಧೆಗಳಲ್ಲೆಲ್ಲ ಅಧಿಕೃತ ಪ್ರಶ್ನೋತ್ತರ ವ್ಯವಸ್ಥೆ ಇದೆ. ಕೇಳಿದ ಪ್ರಶ್ನೆ, ಕೊಟ್ಟ ಉತ್ತರ ಎಲ್ಲರಿಗೂ ಕಾಣುತ್ತದೆ. ಕೇಳುವ ಮೊದಲು ಅದೇ ಪ್ರಶ್ನೆ ಯಾರಾದರೂ ಕೇಳಿದ್ದಾರಾ ನೋಡಿ, ತುಂಬ ಸಲ ಕೇಳಿರುತ್ತಾರೆ.

ಹೊಸಬರು ಬರೆಯುವ ಪ್ರಶ್ನೆ ಹೀಗಿರುತ್ತದೆ: ‘ನಮ್ಮ ರೋಬೋಟಿನ ಕೈ ಹೀಗಿದೆ, ಇದು ಓಕೆನಾ?’ ಇದಕ್ಕೆ ಉತ್ತರ ಬರುವುದಿಲ್ಲ. ನಿಮ್ಮ ವಿನ್ಯಾಸ ಪರಿಶೀಲಿಸಿ ಒಪ್ಪಿಗೆ ಕೊಡುವುದು ತಮ್ಮ ಕೆಲಸ ಅಲ್ಲ ಅಂತ ಎಫ್‌ಆರ್‌ಸಿಯವರು ಕೈಪಿಡಿಯಲ್ಲೇ ಹೇಳಿದ್ದಾರೆ. ಅಸ್ಪಷ್ಟವಾಗಿ ಬರೆದ ಸನ್ನಿವೇಶಕ್ಕೂ ತೀರ್ಪು ಕೊಡುವುದಿಲ್ಲ, ಮುಗಿದ ಪಂದ್ಯದ ತೀರ್ಪನ್ನು ಮತ್ತೆ ಕೆದಕುವುದೂ ಇಲ್ಲ. ರೋಬೋಟಿನ ಬಗ್ಗೆ ಕೇಳಬೇಡಿ, ನಿಯಮದ ಬಗ್ಗೆ ಕೇಳಿ. ನಾವು ಒಂದು ಸಲ ಹೀಗೆ ಬರೆದೆವು, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ:

‘ಇಂಥ ಸಂಖ್ಯೆಯ ನಿಯಮದಲ್ಲಿ, ಆಟದ ವಸ್ತು ಪೂರ್ತಿಯಾಗಿ ವಲಯದ ಒಳಗಿರಬೇಕು ಎಂದಿದೆ. ವಸ್ತುವಿನ ನೆಲ ಮುಟ್ಟಿದ ಭಾಗ ವಲಯದೊಳಗಿದ್ದು, ಅದರ ಮೇಲ್ಭಾಗ ವಾಲಿಕೊಂಡು ಗೆರೆಯಿಂದ ಹೊರಗೆ ಚಾಚಿದ್ದರೆ, ಅದು ಪೂರ್ತಿಯಾಗಿ ಒಳಗಿದೆ ಎಂದು ಎಣಿಕೆಯಾಗುತ್ತದೆಯೇ?’

ಗಮನಿಸಿ. ನಿಯಮದ ಸಂಖ್ಯೆ ಇದೆ, ನಿಯಮದ ಮಾತು ಇದೆ, ಕಣ್ಣಿಗೆ ಕಟ್ಟುವ ಒಂದೇ ಸನ್ನಿವೇಶ ಇದೆ, ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಬಹುದು. ಒಂದು ಪ್ರಶ್ನೆಯಲ್ಲಿ ಮೂರು ಸೇರಿಸಿದರೆ ಮೂರಕ್ಕೂ ಅರೆಬರೆ ಉತ್ತರ ಸಿಗುತ್ತದೆ. ಇನ್ನೊಂದು: ಇದರಲ್ಲಿ ನಮ್ಮ ರೋಬೋಟ್ ಏನು ಮಾಡುತ್ತದೆ ಅನ್ನುವುದು ಎಲ್ಲೂ ಇಲ್ಲ. ‘ಕೇಳಿದರೆ ನಮ್ಮ ಉಪಾಯ ಎಲ್ಲರಿಗೂ ಗೊತ್ತಾಗುತ್ತದಲ್ಲ’ ಅನ್ನುವ ಹೆದರಿಕೆ ನ್ಯಾಯವಾದದ್ದೇ. ಪ್ರಶ್ನೆಯನ್ನು ವಸ್ತುವಿನ ಸ್ಥಿತಿಯ ಮೇಲೆ ಕೇಳಿದರೆ ಉಪಾಯ ನಿಮ್ಮಲ್ಲೇ ಉಳಿಯುತ್ತದೆ. ಹಾಗೆ ಮುಚ್ಚಿ ಕೇಳಲು ಆಗದಿದ್ದರೂ ಕೇಳಿ. ಉಪಾಯ ಬಯಲಾದರೆ ಸ್ವಲ್ಪ ನಷ್ಟ, ಸ್ಪರ್ಧೆಯ ದಿನ ‘ಇದು ನಡೆಯಲ್ಲ’ ಅನ್ನಿಸಿಕೊಂಡರೆ ಮೂರು ತಿಂಗಳು ನಷ್ಟ.

ಉತ್ತರಕ್ಕೆ ಕಾಯುವಾಗ ಕೈಕಟ್ಟಿ ಕೂರಬೇಡಿ. ನೋಟ್‌ಬುಕ್ಕಿನಲ್ಲಿ ನಿಯಮ, ಒಂದನೇ ಓದು, ಎರಡನೇ ಓದು, ಯಾವುದಕ್ಕೆ ಕಟ್ಟುತ್ತಿದ್ದೇವೆ, ಉತ್ತರ ಬೇರೆ ಬಂದರೆ ಯಾವ ಭಾಗ ಬದಲಾಗಬೇಕು ಅಂತ ಬರೆದಿಡಿ. ಆ ಭಾಗವನ್ನು ಅಂಟು ಹಾಕಿ ಕೂರಿಸಬೇಡಿ, ನಾಲ್ಕು ಬೋಲ್ಟಿನಲ್ಲಿ ಬಿಚ್ಚುವಂತಿರಲಿ.

ಅನುಮಾನದ ಲಾಭ ಯಾರಿಗೆ?

ಇದನ್ನು ಸ್ಪರ್ಧೆ ಸ್ಪರ್ಧೆಗೂ ತಿಳಿದುಕೊಂಡಿರಬೇಕು. ಫಸ್ಟ್ ಸಂಸ್ಥೆಯದೇ ಎಫ್‌ಎಲ್‌ಎಲ್‌ನಲ್ಲಿ (ಫಸ್ಟ್ ಲೆಗೋ ಲೀಗ್) ಕೂದಲೆಳೆಯಷ್ಟು ಅಂತರದ ವಿಷಯ ಆದರೆ, ಎರಡೂ ಕಡೆ ವಾದಿಸಬಹುದು ಅನಿಸಿದರೆ, ಲಾಭ ತಂಡಕ್ಕೆ. ಡಬ್ಲ್ಯುಆರ್‌ಒದಲ್ಲಿ ಉಲ್ಟಾ. ಅನುಮಾನ ಇದ್ದರೆ ತೀರ್ಪುಗಾರರು ತಂಡಕ್ಕೆ ಕಡಿಮೆ ಸಿಗುವ ಕಡೆಗೇ ತೀರ್ಮಾನ ಮಾಡಬೇಕು ಅನ್ನುವುದು ಅಲ್ಲಿನ ನಿಯಮ. ಒಂದೇ ಶಾಲೆಯ ಮಕ್ಕಳು ಒಂದೇ ವರ್ಷದಲ್ಲಿ ಎರಡಕ್ಕೂ ಹೋಗುತ್ತಾರೆ. ಮೊದಲನೆಯದರಲ್ಲಿ ಗೆರೆ ಅಂಚಿನಲ್ಲಿ ಬಿದ್ದ ಬ್ಲಾಕಿಗೆ ಪಾಯಿಂಟ್ ಸಿಕ್ಕಿರುತ್ತದೆ, ಎರಡನೆಯದರಲ್ಲಿ ಅದೇ ಬ್ಲಾಕಿಗೆ ಸೊನ್ನೆ. ‘ಮೋಸ’ ಅಂತ ಅಳುತ್ತಾರೆ. ಮೋಸ ಅಲ್ಲ, ಬೇರೆ ಆಟ.

ಸ್ಪರ್ಧೆಯ ದಿನ

ರೆಫರಿ ಹತ್ತಿರ ಮಾತಾಡಬೇಕಾದವರು ಮಕ್ಕಳು. ಎಫ್‌ಆರ್‌ಸಿ, ಎಫ್‌ಟಿಸಿಯಲ್ಲಿ ಇದಕ್ಕೆಂದೇ ‘ಕ್ವೆಶ್ಚನ್ ಬಾಕ್ಸ್’ ಅಂತ ನೆಲದ ಮೇಲೆ ಜಾಗ ಗುರುತು ಮಾಡಿರುತ್ತಾರೆ, ಡ್ರೈವ್ ಟೀಮಿನ (ಪಂದ್ಯದಲ್ಲಿ ರೋಬೋಟ್ ನಡೆಸುವವರ) ಒಬ್ಬ ವಿದ್ಯಾರ್ಥಿ ಅಲ್ಲಿ ಹೋಗಿ ನಿಲ್ಲಬೇಕು. ಮೆಂಟರ್, ಅಪ್ಪ, ಅಮ್ಮ ಹೋಗುವ ಹಾಗಿಲ್ಲ. ಮೊಬೈಲಿನಲ್ಲಿ ತೆಗೆದ ವಿಡಿಯೋ ತೋರಿಸಿದರೂ ಮುಖ್ಯ ರೆಫರಿ ನೋಡುವುದಿಲ್ಲ. ಪೋಷಕರಿಗೆ ಇದನ್ನು ಹಿಂದಿನ ದಿನವೇ ಹೇಳಿಬಿಡಿ. ವಿಡಿಯೋ ಹಿಡಿದುಕೊಂಡು ಮೈದಾನಕ್ಕೆ ನುಗ್ಗುವ ಅಪ್ಪಂದಿರನ್ನು ನೋಡಿದ್ದೇನೆ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಅವರ ಮಕ್ಕಳನ್ನೂ.

ಮಾತು ಹೇಗಿರಬೇಕು ಅಂತ ಮನೆಯಲ್ಲೇ ಅಭ್ಯಾಸ ಮಾಡಿಸಿ. ನಮ್ಮ ತಂಡದ ಹುಡುಗಿ ಹೇಳುವುದು ಇಷ್ಟು: ‘ನಾವು ಪೆನಾಲ್ಟಿ ಬಗ್ಗೆ ಕೇಳಬೇಕಿತ್ತು. ಅದು ಯಾವ ನಿಯಮದ ಪ್ರಕಾರ ಅಂತ ಹೇಳುತ್ತೀರಾ?’ ಸಂಖ್ಯೆ ಹೇಳಿದ ಮೇಲೆ ಪುಟ ತೆಗೆದು, ‘ಇಲ್ಲಿ ಹೀಗಿದೆ, ನಮಗೆ ಹೀಗೆ ಅರ್ಥ ಆಗಿತ್ತು, ಸರಿನಾ?’ ಪ್ರಶ್ನೋತ್ತರದ ಉತ್ತರ ಇದ್ದರೆ ಅದರ ಮುದ್ರಿತ ಪ್ರತಿ ಕೊಡುತ್ತಾಳೆ. ತೀರ್ಪು ಹೇಳಿದ ಮೇಲೆ ‘ಥ್ಯಾಂಕ್ಸ್’ ಅಂದು ಬರುತ್ತಾಳೆ. ಒಂದು ಸಲ ಹೀಗೆ ಕೇಳಿದ್ದಕ್ಕೆ ಅಂಕ ವಾಪಸ್ ಬಂದಿದೆ. ಎರಡು ಸಲ ಬಂದಿಲ್ಲ.

ನಮ್ಮೂರಿನ ಸಣ್ಣ ಸ್ಪರ್ಧೆಗಳ ಕತೆ ಬೇರೆ. ಅಲ್ಲಿ ಪ್ರಶ್ನೋತ್ತರ ಇಲ್ಲ, ಅಪ್‌ಡೇಟ್ ಇಲ್ಲ, ವಾಟ್ಸಾಪಿನಲ್ಲಿ ಬರುವ ಎರಡು ಪುಟದ ಪಿಡಿಎಫ್ ಅಷ್ಟೇ. ಊರ ಹೊರಗಿನ ಒಂದು ಕಾಲೇಜಿನಲ್ಲಿ ನಡೆದ ಲೈನ್ ಫಾಲೋವರ್ (ನೆಲದ ಗೆರೆ ಹಿಡಿದು ಓಡುವ ರೋಬೋಟ್) ಸ್ಪರ್ಧೆಯಲ್ಲಿ ಹೀಗಿತ್ತು: ‘ರೋಬೋಟ್ ಟ್ರ್ಯಾಕ್ ಬಿಟ್ಟರೆ ಹಿಂದಿನ ಚೆಕ್‌ಪಾಯಿಂಟ್‌ನಿಂದ ಶುರು ಮಾಡಬೇಕು.’ ಬಿಟ್ಟರೆ ಅಂದರೆ ಏನು? ಒಂದು ಚಕ್ರ ಆಚೆ ಹೋದರಾ, ಪೂರ್ತಿ ರೋಬೋಟ್ ಹೋದರಾ? ಆ ಹೊತ್ತಲ್ಲಿ ಗಡಿಯಾರ ಓಡುತ್ತಿರುತ್ತದಾ? ಬೆಳಗ್ಗೆ ಇದ್ದ ತೀರ್ಪುಗಾರರು ‘ಪೂರ್ತಿ ಹೋದರೆ ಮಾತ್ರ’ ಅಂದರು. ನಮ್ಮವರು ತಿರುವಿನಲ್ಲಿ ಒಂದು ಚಕ್ರ ಆಚೆ ಹಾಕಿ ವೇಗವಾಗಿ ಹೋಗುವಂತೆ ಕೋಡ್ ಬದಲಿಸಿದರು. ಊಟದ ನಂತರ ಬೇರೆಯವರು ಬಂದರು, ‘ಒಂದು ಚಕ್ರ ಹೋದರೂ ಔಟ್’ ಅಂದರು. ನಾಲ್ಕು ಸಲ ವಾಪಸ್ ಹೋಗಿ ಸಮಯ ಮುಗಿಯಿತು. ಬೆಳಗಿನ ಮಾತಿಗೆ ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಈಗ ಏನು ಮಾಡುತ್ತೇವೆ ಅಂದರೆ, ಅಂಥ ಕಡೆ ನಾವೇ ಕ್ಯಾಪ್ಟನ್‌ಗಳ ಮೀಟಿಂಗ್ ಕೇಳುತ್ತೇವೆ. ರಸ್ತೆಯಲ್ಲಿ ಕ್ರಿಕೆಟ್ ಆಡುವ ಮಕ್ಕಳಿಗೆ ಇದು ಹುಟ್ಟಿನಿಂದಲೇ ಗೊತ್ತು. ಒನ್ ಪಿಚ್ ಕ್ಯಾಚ್ ಔಟಾ, ಎದುರು ಮನೆ ಕಾಂಪೌಂಡಿಗೆ ಬಿದ್ದರೆ ಔಟಾ, ಎಲ್ಲವೂ ಮೊದಲ ಬಾಲ್ ಹಾಕುವ ಮೊದಲೇ ತೀರ್ಮಾನ ಆಗಿರುತ್ತದೆ. ಹಾಗೇ ಇಲ್ಲೂ. ಎರಡು ದಿನ ಮೊದಲು ಆಯೋಜಕರಿಗೆ ಮೂರು ನಾಲ್ಕು ಪ್ರಶ್ನೆ ಬರೆದು ಕಳಿಸುತ್ತೇವೆ, ಉತ್ತರವನ್ನು ಎಲ್ಲ ತಂಡಗಳಿರುವ ಗ್ರೂಪಿನಲ್ಲೇ ಹಾಕಿ ಅಂತ ಕೇಳಿಕೊಳ್ಳುತ್ತೇವೆ. ನಮಗೊಬ್ಬರಿಗೇ ಬಂದ ಉತ್ತರ ಉಪಯೋಗಕ್ಕೆ ಬರುವುದಿಲ್ಲ, ಅದನ್ನು ಇಟ್ಟುಕೊಳ್ಳುವುದು ನ್ಯಾಯವೂ ಅಲ್ಲ. ಸ್ಪರ್ಧೆಯ ಬೆಳಗ್ಗೆ ಆ ಉತ್ತರಗಳನ್ನು ಮೈಕಿನಲ್ಲಿ ಓದಿಸಿ, ಒಂದು ಎ4 ಹಾಳೆಯಲ್ಲಿ ಬರೆದು ತೀರ್ಪುಗಾರರ ಮೇಜಿಗೆ ಅಂಟಿಸಿಬಿಡಿ ಅನ್ನುತ್ತೇವೆ. ಇದುವರೆಗೂ ಯಾವ ಆಯೋಜಕರೂ ಬೇಸರ ಮಾಡಿಕೊಂಡಿಲ್ಲ. ಊಟಕ್ಕೆ ಎದ್ದುಹೋಗುವ ತೀರ್ಪುಗಾರರಿಗೂ ಆ ಹಾಳೆಯಿಂದ ಅನುಕೂಲವೇ.

ಕೊನೆಗೆ ಚೀಲದಲ್ಲಿ ಏನಿರಬೇಕು ಅಂತ ಹೇಳುತ್ತೇನೆ. ಪೂರ್ತಿ ಕೈಪಿಡಿ ಮುದ್ರಿಸಿ, ಸ್ಪೈರಲ್ ಹಾಕಿಸಿ, ನಮ್ಮ ರೋಬೋಟಿಗೆ ತಾಗುವ ನಿಯಮಗಳಿಗೆ ಬಣ್ಣದ ಚೀಟಿ ಹಚ್ಚಿ. ಫೋನಿನಲ್ಲಿದೆ ಅಂತ ನಂಬಬೇಡಿ, ದೊಡ್ಡ ಒಳಾಂಗಣದಲ್ಲಿ ಸಾವಿರ ಜನ ಸೇರಿದಾಗ ನೆಟ್‌ವರ್ಕ್ ಸತ್ತಿರುತ್ತದೆ. ಪ್ರಶ್ನೋತ್ತರದ ಪುಟಗಳು ಬೇರೆ ಫೈಲಿನಲ್ಲಿರಲಿ. ಒಂದು ಸ್ಟೀಲ್ ಸ್ಕೇಲ್, ಒಂದು ಟೇಪ್, ಮತ್ತೆ ಕಟಿಂಗ್ ಪ್ಲೇಯರ್. ಅದನ್ನು ಮಾತ್ರ ಕಾರಿನಲ್ಲಿ ಬಿಡಬೇಡಿ.